ಹಳೇ ಆರ್‌ಎಂ ಫೈಲ್ ತೆಗೆಯೂದು ಹ್ಯಾಂಗ್ರಿ? ಮುತ್ಯಾನ ಪಾರಿಜಾತದ ಸಿಡಿ ಐತಿ

ಘಟಪ್ರಭಾ ದಂಡಿ (ಮುಧೋಳ)
ಶನಿವಾರ ರಾತ್ರಿ 9:12

ಎಲ್ಲಾರ್ಗೂ ನಮಸ್ಕಾರ್ರಿ. ನಮ್ಮ ಮುತ್ಯಾ ಶ್ರೀಕೃಷ್ಣ ಪಾರಿಜಾತದ ಬಯಲಾಟದಾಗ ಭಾಗವತ ಇದ್ದ. 2003ರ ಜಾತ್ರ್ಯಾಗ ರಾತ್ರಿ ಇಡೀ ಆಡಿದ ಆಟಾನ ಯಾರೋ ವಿಡಿಯೋ ಕ್ಯಾಸೆಟ್ಟಿಗೆ ಹಿಡದಿದ್ರು. ಆಮ್ಯಾಲ ಪ್ಯಾಟ್ಯಾಗಿನ ಒಬ್ಬ ಅಂಗಡಿಯಾಂವ ಅದನ್ನ "ಕಂಪ್ಯೂಟರ್ ಸಿಡಿ" ಮಾಡಿ ಕೊಟ್ಟಿದ್ದ. ಕ್ಯಾಸೆಟ್ ಬೂಸ್ಟು ಹಿಡದು ಹೋತು, ಮುತ್ಯಾನೂ ಹೋಗಿ 11 ವರ್ಷ ಆತು. ಈಗ ಉಳದದ್ದು ಆ ಸಿಡಿ ಒಂದ.

ನನ್ನ ಅಳಿಯ ಎರಡು ವರ್ಷದ ಹಿಂದ ಸಿಡಿಯಾಗಿಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಇವತ್ತ ತೆಗದು ನೋಡಿದ್ರ ಒಂದ ಫೈಲ್, ಹೆಸರಿನ ಕೊನಿಗೆ "ರ್‍ಯಾಮ್" ಅಂತ ಐತಿ, ಅಳತಿ ಬರೇ 1 ಕೆಬಿ. ಎದ್ರಾಗ ತೆಗದ್ರೂ ಬರವಲ್ದು. ಮುಂದಿನ ತಿಂಗಳ ಊರಾಗ ಜಾತ್ರಿ ಐತಿ, ಅವತ್ತ ಕಾಕಾಗ ತೋರಸಬೇಕಂತ ಆಸೆ. ಯಾರಾದ್ರೂ ದಾರಿ ಹೇಳ್ರಿ.

ಜವಾರಿ ಜ್ವಾಳ (ಬಸವನ ಬಾಗೇವಾಡಿ)
ಶನಿವಾರ ರಾತ್ರಿ 9:30

ಹೆಸರಿನ ಕೊನಿಗೆ ಎಂಪಿ4 ಅಂತ ಬದ್ಲಿ ಮಾಡಿ ನೋಡ್ರಿ ಸರ. ನನಗ ಒಂದು ಸಲ ನಡದಿತ್ತು.

ಕುಂದಾ ಪೆಟ್ಟಿಗಿ (ಬೆಳಗಾವಿ)
ಶನಿವಾರ ರಾತ್ರಿ 9:51

ಹೆಸರು ಬದಲಿಸಿದ್ರ ಒಳಗಿನ ಸರಕು ಬದಲಾಗೂದಿಲ್ಲ. ಜ್ವಾಳದ ಚೀಲದ ಮ್ಯಾಲ ಸಕ್ರಿ ಅಂತ ಬರದಂಗ ಅದ ಅದು.

ಮುಧೋಳದವರ, ನಿಮ್ಮ ಹತ್ರ ಇರೂದು ವಿಡಿಯೋನೇ ಅಲ್ಲ, ಚೀಟಿ. ರಿಯಲ್ ಕಂಪನಿಯವರ (ರಿಯಲ್‌ಪ್ಲೇಯರ್ ಮಾಡಿದವರ) ಪದ್ಧತಿಯೊಳಗ ಎರಡು ಥರದ ಫೈಲ್ ಇರ್ತಿದ್ವು. ಆರ್‌ಎಂ ಅಂತ ಮುಗಿಯೂದರಾಗ ನಿಜವಾದ ಹಾಡು, ಚಿತ್ರ ಇರ್ತಾವ. ರ್‍ಯಾಮ್ ಅಂತ ಮುಗಿಯೂದರಾಗ ಆ ಆರ್‌ಎಂ ಫೈಲ್ ಎಲ್ಲದ ಅನ್ನೂ ವಿಳಾಸ ಮಾತ್ರ, ಒಂದೋ ಎರಡೋ ಸಾಲು. ಹಂಗ್ಯಾಕ ಮಾಡಿದ್ರು ಅಂದ್ರ, ಆ ಕಾಲದ ಬ್ರೌಸರಿಗೆ ನೇರ ಆರ್‌ಎಂ ಕೊಟ್ರ ಅದು ಪೂರ್ತಿ ಫೈಲ್ ಇಳಿಸಿಕೊಂಡ ಮ್ಯಾಲೆ ಪ್ಲೇಯರಿಗೆ ಕೊಡ್ತಿತ್ತು. ಫೋನ್ ಲೈನಿನ ಮ್ಯಾಲೆ 56 ಕೆಬಿಪಿಎಸ್ ಮೋಡೆಮ್ ಇಟ್ಟುಕೊಂಡು ಅಷ್ಟು ಹೊತ್ತು ಯಾರು ಕಾಯ್ತಾರ? ಅದಕ್ಕ ಬ್ರೌಸರಿಗೆ ಚೀಟಿ ಅಷ್ಟ ಕೊಡೂದು. ಚೀಟಿ ಪ್ಲೇಯರಿನ ಕೈಗೆ ಹೋಗ್ತದ, ಪ್ಲೇಯರು ಸರ್ವರ್ ಜೋಡಿ ತಾನೇ ಮಾತಾಡಿ, ಬರ್ತಾ ಬರ್ತಾ ತೋರಿಸ್ತಾ ಹೋಗ್ತದ.

ಆ 1 ಕೆಬಿ ಫೈಲನ್ನ ನೋಟ್‌ಪ್ಯಾಡಿನಾಗ ತೆಗದು ಏನು ಬರದದ ಇಲ್ಲಿ ಹೇಳ್ರಿ.

ಘಟಪ್ರಭಾ ದಂಡಿ (ಮುಧೋಳ)
ಶನಿವಾರ ರಾತ್ರಿ 10:04

ಹೌದ್ರಿ ಸರ, ಬರೇ ಒಂದ ಸಾಲು ಐತಿ. "ಇ" ಡ್ರೈವು, ಅದ್ರಾಗ "ಮೀಡಿಯಾ" ಅನ್ನೂ ಫೋಲ್ಡರು, ಅದ್ರಾಗ "ಪಾರಿಜಾತ" ಡಾಟ್ ಆರ್‌ಎಂ. ಅಂದ್ರ ನನ್ನ ಅಳಿಯ ಎರಡು ವರ್ಷ ನನ್ನ ಕೈಯಾಗ ವಿಳಾಸದ ಚೀಟಿ ಕೊಟ್ಟು ಕುಂಡ್ರಿಸ್ಯಾನ.

ಕುಂದಾ ಪೆಟ್ಟಿಗಿ (ಬೆಳಗಾವಿ)
ಶನಿವಾರ ರಾತ್ರಿ 10:09

ಅಳಿಯಂದು ತಪ್ಪಿಲ್ಲ, ಎಲ್ಲಾರೂ ಮಾಡೂದ ಅದು. "ಇ" ಡ್ರೈವು ಅಂದ್ರ ಆ ಅಂಗಡಿ ಕಂಪ್ಯೂಟರಿನ ಸಿಡಿ ಡ್ರೈವೇ ಇರಬೇಕು. ಹಂಗಿದ್ರ ಸಿಡಿಯೊಳಗ "ಮೀಡಿಯಾ" ಅನ್ನೂ ಫೋಲ್ಡರ್ ಇದ್ದೇ ಇರ್ತದ. ಸಿಡಿ ಎಲ್ಲದ?

ಘಟಪ್ರಭಾ ದಂಡಿ (ಮುಧೋಳ)
ಶನಿವಾರ ರಾತ್ರಿ 10:41

ಅವ್ವನ ಟ್ರಂಕಿನಾಗ ಇತ್ತು, ಮದುವಿ ಲಗ್ನಪತ್ರಿಕಿಗಳ ನಡುವ. ಡಬ್ಬಿ ಇಲ್ಲ, ಬರೇ ಪ್ಲಾಸ್ಟಿಕ್ ಚೀಲ. ಬಂಗಾರ ಬಣ್ಣದ ಸಿಡಿ, ಮ್ಯಾಲ ಸ್ಕೆಚ್ ಪೆನ್ನಿನಿಂದ ಊರಿನ ಹೆಸರು ಬರದಾರ. ಕೆಳಗಿನ ಬಾಜೂಕ ಗೀರು ಅದಾವ, ಅಂಚಿಗೆ ಬೆರಳಿನ ಕಲಿ ಭಾಳ. ನಮ್ಮ ಮನ್ಯಾಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕೂ ಜಾಗಾನ ಇಲ್ರಿ.

ಗುಮ್ಮಟದ ಮಾರ್ದನಿ (ವಿಜಯಪುರ)
ಶನಿವಾರ ರಾತ್ರಿ 11:20

ತಡ್ರಿ ತಡ್ರಿ. ಈಗ ಯಾರ ಮಾತೂ ಕೇಳಿ ಸಿಡಿ ಹಾಕಿ ಓಡಸಬ್ಯಾಡ್ರಿ.

ನಾನು ಹಳೇ ಧ್ವನಿಮುದ್ರಿಕಿ ನಕಲು ಮಾಡೂ ಹುಚ್ಚಿನಾಂವ. ಇಪ್ಪತ್ತು ವರ್ಷದ ಸಿಡಿಗೆ ಉಸಿರು ಎಷ್ಟು ಉಳದೈತಿ ಯಾರೂ ಹೇಳಾಕ ಬರಂಗಿಲ್ಲ. ಅಂಥಾದ್ರಾಗ ಪ್ಲೇಯರಿನಾಗ ಹಾಕಿ ಹಿಂದ ಮುಂದ ಎಳದಾಡಿದ್ರ, ಡ್ರೈವು ಕೆಟ್ಟ ಜಾಗದಾಗ ಸಿಕ್ಕೊಂಡು ಕರಕರ ಅಂತ ಗಂಟೆಗಟ್ಟಲೆ ತಿರಗ್ತೈತಿ. ಮೊದಲ ಇಡೀ ಸಿಡಿಯ ನಕಲು ತಗೀರಿ. ನೋಡೂದು ಏನಿದ್ರೂ ನಕಲಿನ ಮ್ಯಾಲ.

ಒರಸೂದಿದ್ರ ಮೆತ್ತಗಿನ ಹತ್ತಿ ಬಟ್ಟಿ ತಗೊಂಡು ನಡುವಿನ ತೂತಿನಿಂದ ಅಂಚಿನ ಕಡೆ ನೆಟ್ಟಗ ಒರಸ್ರಿ. ಗುಂಡಗ ತಿರುವಿ ಒರಸಬ್ಯಾಡ್ರಿ. ಸಿಡಿಯಾಗಿನ ದಾರಿ ಸುರುಳಿ ಸುತ್ತಿದಂಗ ಇರ್ತೈತಿ, ಗುಂಡಗ ಬಿದ್ದ ಗೀರು ಒಂದ ಕಡೆ ಉದ್ದಕ ಮಾಹಿತಿ ತಿಂದುಬಿಡ್ತೈತಿ. ಅಡ್ಡ ಗೀರಾದ್ರ ಅಲ್ಲಲ್ಲೆ ಚೂರು ಚೂರು ಹೋಗ್ತೈತಿ, ಅಷ್ಟನ್ನ ಸಿಡಿಯ ತಪ್ಪು ತಿದ್ದೂ ವ್ಯವಸ್ಥಾನ ತುಂಬಿಕೊಡ್ತೈತಿ. ಹಲ್ಲಿನ ಪೇಸ್ಟು ಹಚ್ಚಿ ತಿಕ್ಕೂ ವಿಡಿಯೋ ನೋಡಿರ್ತೀರಿ, ದಯಮಾಡಿ ಬ್ಯಾಡ. ಮತ್ತ ಹೆಸರು ಬರದ ಬಾಜೂನ ಹುಷಾರ್. ಗೀರು ಬಿದ್ರ ಭಯ ಅದಕ್ಕ ಹೆಚ್ಚು, ಯಾಕಂದ್ರ ಮಾಹಿತಿ ಇರೂ ಪದರ ಆ ಕಡೆ ಮೈಗೇ ಹತ್ತಿಕೊಂಡಿರ್ತೈತಿ.

ಟೋಪತೆನಿ (ಇಳಕಲ್)
ಭಾನುವಾರ ಬೆಳಿಗ್ಗೆ 7:15

ನಮ್ಮ ಅಂಗಡಿಯಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದೆ. ಸೀರೆ ವಿನ್ಯಾಸದ ಹಳೆಯ ಸಿಡಿಗಳನ್ನು ತೆಗೆಯಲು ತಂದಿದ್ದೆವು, ಈಗ ಸುಮ್ಮನೆ ಬಿದ್ದಿದೆ. ಬಾಗಲಕೋಟೆ ಕಡೆ ಹೋಗುವ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ನಿಲ್ದಾಣದಲ್ಲಿ ಇಸಿದುಕೊಳ್ಳಿ ತಮ್ಮಾ. ಒಂದೇ ಷರತ್ತು, ವಾಪಸ್ ಬರಬೇಕು. ಹೋದ ಸಲ ಒಬ್ಬರು ಚಾರ್ಜರ್ ಒಯ್ದವರು ಇನ್ನೂ ಕಾಣೆಯಾಗಿದ್ದಾರೆ.

ಘಟಪ್ರಭಾ ದಂಡಿ (ಮುಧೋಳ)
ಭಾನುವಾರ ಬೆಳಿಗ್ಗೆ 7:22

ಅಕ್ಕಾರ, ನಿಮ್ಮ ಉಪಕಾರ ಮರಿಯಂಗಿಲ್ರಿ. ಡ್ರೈವ್ ವಾಪಸ್ ತರೂದು ನನ್ನ ಜವಾಬ್ದಾರಿ.

ಕೃಷ್ಣಾ ತೀರ (ಜಮಖಂಡಿ)
ಭಾನುವಾರ ಬೆಳಿಗ್ಗೆ 10:40

ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನನ್ನ ಹತ್ರಾನೂ ಒಂದು ರ್‍ಯಾಮ್ ಫೈಲ್ ಐತಿ, 2001ರದು. ಹೊರದೇಶದ ಕನ್ನಡದವರು ನಡಸ್ತಿದ್ದ ಒಂದು ಜಾಲತಾಣದ ಭಾಷಣ. ನೋಟ್‌ಪ್ಯಾಡಿನಾಗ ತೆಗದ್ರ "ಆರ್‌ಟಿಎಸ್‌ಪಿ" ಅಂತ ಶುರು ಆಗೂ ವಿಳಾಸ ಬರ್ತೈತಿ. ವಿಎಲ್‌ಸಿ ಅನ್ನೂ ಪ್ಲೇಯರಿಗೆ ಕೊಟ್ರ ಕನೆಕ್ಷನ್ ಆಗಲಿಲ್ಲ ಅಂತೈತಿ.

ಕುಂದಾ ಪೆಟ್ಟಿಗಿ (ಬೆಳಗಾವಿ)
ಭಾನುವಾರ ಬೆಳಿಗ್ಗೆ 11:05

ನಿಮ್ಮದು ಬ್ಯಾರೆ ಕಥಿ. ಆ ಆರ್‌ಎಂ ಯಾವತ್ತೂ ನಿಮ್ಮ ಮನಿಗೆ ಬಂದೇ ಇಲ್ಲ, ದೂರದ ಸರ್ವರಿನಾಗ ಇತ್ತು. ಆರ್‌ಟಿಎಸ್‌ಪಿ ಅನ್ನೂದು ಸರ್ವರಿನಿಂದ ಹಾಡು, ಚಿತ್ರ ಹರಿಸಾಕ 1998ರಾಗ ಗೊತ್ತುಮಾಡಿದ ನಿಯಮ, ಸಾಮಾನ್ಯವಾಗಿ 554ನೇ ಪೋರ್ಟಿನ (ಸರ್ವರಿನ ಬಾಗಲಾ ಇದ್ದಂಗ) ಮ್ಯಾಲೆ ನಡೀತಿತ್ತು. ಅದಕ್ಕೂ ಹಳೇವು "ಪಿಎನ್ಎಂ" ಅಂತ ಶುರು ಆಗ್ತಾವ, ಅವು 7070ರ ಮ್ಯಾಲೆ. ಸರ್ವರ್ ಮುಚ್ಚಿದ್ರ ಪ್ಲೇಯರ್ ಬದಲಿಸಿ ಉಪಯೋಗಿಲ್ಲ.

ಒಂದು ಸಣ್ಣ ಆಸೆ ಅದ. ವಿಳಾಸದ ಮುಂದಿನ ಆರ್‌ಟಿಎಸ್‌ಪಿ ತಗದು ಎಚ್‌ಟಿಟಿಪಿ ಹಾಕಿ, ಹಳೇ ಜಾಲಪುಟ ಉಳಿಸಿಡೂ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಾಗ ಹುಡುಕ್ರಿ. ಅವರ ಯಂತ್ರ ಪುಟ ಸಂಗ್ರಹ ಮಾಡೂದು ಎಚ್‌ಟಿಟಿಪಿ ದಾರಿಯಿಂದ. ಅದೇ ಫೈಲನ್ನ "ಇಳಿಸಿಕೊಳ್ಳಿ" ಅಂತ ಎಚ್‌ಟಿಟಿಪಿ ಕೊಂಡಿಯಿಂದಾನೂ ಕೊಟ್ಟಿದ್ರ ಸಿಗಬಹುದು. ಬರೇ ಆರ್‌ಟಿಎಸ್‌ಪಿ ಇದ್ರ ಸಿಗೂದು ಭಾಳ ಕಠಿಣ. ಭಾಷಣ ಮಾಡಿದವರ ಮನಿಯವರನ್ನ ಕೇಳೂದು ಇದಕ್ಕಿಂತ ಹತ್ರದ ದಾರಿ.

ಘಟಪ್ರಭಾ ದಂಡಿ (ಮುಧೋಳ)
ಮಂಗಳವಾರ ಸಂಜೆ 6:30

ಡ್ರೈವ್ ಬಂತು. ಸಿಡಿ ಹಾಕಿದೆ. ಮಾರ್ದನಿ ಸರ, ಓಡಸಿಲ್ಲ, ಬರೇ ಒಳಗ ಏನೈತಿ ನೋಡೀನಿ. ಒಂದು ವೆಬ್ ಪುಟ, ಆ ಚೀಟಿ ಫೈಲು, "ಮೀಡಿಯಾ" ಫೋಲ್ಡರು. ಅದ್ರಾಗ ಒಂದ ಫೈಲ್, ಸುಮಾರು 600 ಎಂಬಿ! ಮನ್ಯಾಗ ಎಲ್ಲಾರೂ ಚಪ್ಪಾಳೆ ಹೊಡದ್ರು.

ಆದ್ರ ಕಾಪಿ ಹಚ್ಚಿದ್ರ 88 ಪರ್ಸೆಂಟಿಗೆ ನಿಂತು, ಇಪ್ಪತ್ತು ನಿಮಿಷ ಆದ ಮ್ಯಾಲ "ಓದಾಕ ಆಗಂಗಿಲ್ಲ" ಅಂತ ಬಂದು ಅಲ್ಲೀತನಕ ಆದದ್ದನ್ನೂ ಅಳಿಸಿಬಿಟ್ತು. ಮೂರು ಸಲ ಮಾಡಿದೆ.

ಇನ್ನೊಂದು ಡೌಟು. ಆರು ತಾಸಿನ ಆಟ ಒಂದ ಸಿಡಿಯಾಗ ಹ್ಯಾಂಗ ಹಿಡೀತು? ನಮ್ಮಣ್ಣನ ಲಗ್ನದ್ದು ಮೂರು ಸಿಡಿ ಅದಾವ.

ಗುಮ್ಮಟದ ಮಾರ್ದನಿ (ವಿಜಯಪುರ)
ಮಂಗಳವಾರ ರಾತ್ರಿ 8:45

ಮೂರು ಸಲ ಸಾಕು. ನಾಲ್ಕನೇದು ಬ್ಯಾಡ.

ಮೊದಲ ಡೌಟಿಗೆ ಉತ್ತರ ಕೊಡ್ತೀನಿ, ಮುಂದ ಲೆಕ್ಕಕ್ಕ ಬರ್ತೈತಿ. ಲಗ್ನದ ಸಿಡಿ ವಿಸಿಡಿ ಇರ್ತಾವ, ಒಂದ್ರಾಗ 74 ಇಲ್ಲಾ 80 ನಿಮಿಷ ಅಷ್ಟ. ನಿಮ್ಮ ಆಟಕ್ಕ ಐದು ಸಿಡಿ ಬೇಕಾಗ್ತಿದ್ವು. ಅಂಗಡಿಯಾಂವ ಶಾಣ್ಯಾ ಇದ್ದ ಅಂತ ಕಾಣ್ತೈತಿ, ರಿಯಲ್ ಹಿಡದ. ಅದ್ರಾಗ ಇಂಟರ್ನೆಟ್ಟಿಗಂತ ಮಾಡಿಟ್ಟ ಅಳತಿಗಳಿದ್ವು. ಒಂದು ಸೆಕೆಂಡಿಗೆ 225 ಕಿಲೋಬಿಟ್ ಅನ್ನೂದು ಅದ್ರಾಗ ಒಂದು. ಎಂಟು ಬಿಟ್ಟಿಗೆ ಒಂದು ಬೈಟು, ಲೆಕ್ಕ ಹಾಕ್ರಿ, ಸೆಕೆಂಡಿಗೆ 28 ಕೆಬಿ, ತಾಸಿಗೆ 101 ಎಂಬಿ, ಆರು ತಾಸಿಗೆ 607 ಎಂಬಿ. 700 ಎಂಬಿ ಸಿಡಿಯಾಗ ಕುಂತು ಬಿಡ್ತು. ಚಿತ್ರ ಸಣ್ಣದು ಇರ್ತೈತಿ, ಮಸುಕು ಇರ್ತೈತಿ, ಆದ್ರ ಪೂರ್ತಿ ಆಟ. ಐದು ಸಿಡಿ ಮಾಡಿದ್ರ ಇಷ್ಟೊತ್ತಿಗೆ ಎರಡು ಕಳದಿರ್ತಿದ್ವು.

ಈಗ 88 ಪರ್ಸೆಂಟಿನ ವಿಷಯ. ಸಿಡಿ ಬರೆಯೂದು ಗ್ರಾಮೊಫೋನ್ ತಟ್ಟಿಯಂಗಲ್ಲ, ಉಲ್ಟಾ. ನಡುವಿನಿಂದ ಶುರು ಆಗಿ ಅಂಚಿಗೆ ಮುಗೀತೈತಿ. ಆಟದ ಶುರು ನಡುವ, ಬೆಳಗಾಮುಂಜಾನಿ ಭಾಗ ಅಂಚಿನ್ಯಾಗ. ನಾವು ಸಿಡಿ ಹಿಡಿಯೂದು ಎಲ್ಲೆ? ಅಂಚಿಗೆ. ಬೆರಳಿನ ಕಲಿ ಅಲ್ಲೇ, ಗೀರು ಅಲ್ಲೇ. ಅದಕ್ಕ ನಿಮ್ಮ ಆಟದ ಕೊನೀ ಭಾಗ ತ್ರಾಸು ಕೊಡಾಕ ಹತ್ತೈತಿ.

ವಿಂಡೋಸ್ ಕಾಪಿ ಒಂದು ಕೆಟ್ಟ ತುಣುಕು ಸಿಕ್ಕ ಕೂಡಲೆ ಹಠ ಹಿಡದು ಕೂಡ್ತೈತಿ, ಆಮ್ಯಾಲ ಎಲ್ಲಾ ಚೆಲ್ಲಿ ಬಿಡ್ತೈತಿ. ನಿಮಗ ಬೇಕಾದದ್ದು "ಡಿಡಿರೆಸ್ಕ್ಯೂ" ಅನ್ನೂ ಉಪಕರಣ, ಪುಕ್ಕಟ ಸಿಗ್ತೈತಿ. ಲಿನಕ್ಸ್ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಶುರು ಮಾಡಿದ್ರ ಸಾಕು, ಏನೂ ಇನ್‌ಸ್ಟಾಲ್ ಬ್ಯಾಡ. ಅದರ ಚಾಲಾಕಿ ಏನಂದ್ರ, ಕೆಟ್ಟ ಜಾಗ ಬಂದ್ರ ಜಿಗದು ಮುಂದ ಹೋಗ್ತೈತಿ, ಚೊಲೋ ಇದ್ದದ್ದನ್ನೆಲ್ಲಾ ಮೊದಲ ಬಾಚಿಕೊಳ್ತೈತಿ, ಉಳಿದ ಚೂರುಗಳಿಗೆ ಆಮ್ಯಾಲ ತಿರುಗಿ ಬರ್ತೈತಿ. ಎಲ್ಲಿ ಓದ್ತು, ಎಲ್ಲಿ ಓದಲಿಲ್ಲ ಅಂತ "ಮ್ಯಾಪ್" ಫೈಲಿನಾಗ ಬರಕೊಳ್ತೈತಿ. ಕರೆಂಟ್ ಹೋದ್ರೂ ಅಲ್ಲಿಂದಾನ ಮುಂದುವರಸಬಹುದು. ತುಣುಕಿನ ಅಳತಿ 2048 ಕೊಡ್ರಿ, ಡೇಟಾ ಸಿಡಿಯ ಒಂದು ಸೆಕ್ಟರ್ ಅಷ್ಟ ಇರ್ತೈತಿ. ಮೊದಲ ಸುತ್ತು ಕೆಟ್ಟ ಜಾಗ ಕೆರಿಯದ, ಎರಡನೇ ಸುತ್ತು ಮೂರು ಮರುಯತ್ನ. ಪೂರ್ತಿ ಸಾಲನ್ನ ಫೋಟೋ ಮಾಡಿ ಖಾಸಗಿ ಸಂದೇಶದಾಗ ಹಾಕೀನಿ. ಎಲ್ಲಿಂದ, ಎಲ್ಲಿಗೆ ಅನ್ನೂದನ್ನ ಎರಡು ಸಲ ಓದಿ ಎಂಟರ್ ಒತ್ರಿ. ಅದು ತಪ್ಪಿದ್ರ ಲ್ಯಾಪ್‌ಟಾಪ್ ಡಿಸ್ಕಿನ ಮ್ಯಾಲ ಬರದುಬಿಡ್ತೈತಿ.

ಜವಾರಿ ಜ್ವಾಳ (ಬಸವನ ಬಾಗೇವಾಡಿ)
ಮಂಗಳವಾರ ರಾತ್ರಿ 9:10

ಇಷ್ಟೆಲ್ಲಾ ಗೊತ್ತಿದ್ದ ಮನಷ್ಯಾ ಇಲ್ಲೇ ವಿಜಯಪುರದಾಗ ಇದ್ದೂ ನನಗ ಗೊತ್ತಿರಲಿಲ್ಲ ನೋಡ್ರಿ. ನನ್ನ ಎಂಪಿ4 ಸಲಹೆ ವಾಪಸ್ ತಗೋತೀನಿ.

ಘಟಪ್ರಭಾ ದಂಡಿ (ಮುಧೋಳ)
ಗುರುವಾರ ರಾತ್ರಿ 10:15

ವರದಿ ಒಪ್ಪಸ್ತೀನ್ರಿ. ಮೊದಲ ಸುತ್ತು ಅರ್ಧ ತಾಸಿನಾಗ ಮುಗೀತು, 9 ಎಂಬಿ ಓದಲಿಲ್ಲ ಅಂತ ಬಂತು. ಎರಡನೇ ಸುತ್ತು ರಾತ್ರಿ ಇಡೀ ನಡೀತು, ಡ್ರೈವು ಗಿರಣಿಯಂಗ ಸಪ್ಪಳ ಮಾಡ್ತಿತ್ತು, ಅವ್ವ ಎರಡು ಸಲ ಎದ್ದು ಬಂದು ನೋಡಿದ್ಲು. ಮುಂಜಾನಿ 6 ಎಂಬಿ ಉಳದಿತ್ತು. ಇಷ್ಟಕ್ಕ ಬಿಡ್ಲೋ?

ಗುಮ್ಮಟದ ಮಾರ್ದನಿ (ವಿಜಯಪುರ)
ಗುರುವಾರ ರಾತ್ರಿ 10:32

ಬಿಡಬ್ಯಾಡ್ರಿ. ಅದ ಸಿಡೀನ ಇನ್ನೊಂದು ಡ್ರೈವಿನಾಗ ಹಾಕ್ರಿ, ಆದ್ರ ಅದ ಇಮೇಜು (ಸಿಡಿಯ ನಕಲು ಫೈಲ್), ಅದ ಮ್ಯಾಪ್ ಫೈಲು ಕೊಡ್ರಿ. ಒಂದು ಡ್ರೈವಿನ ಕಣ್ಣಿಗೆ ಕಾಣದ್ದು ಇನ್ನೊಂದಕ್ಕ ಕಾಣ್ತೈತಿ. ಸಿಕ್ಕ ಚೂರು ಅಷ್ಟ ಅದ ಇಮೇಜಿನಾಗ ತುಂಬಿಕೊಳ್ತೈತಿ, ಹಳೇದು ಕೆಡಂಗಿಲ್ಲ. ಊರಾಗ ಯಾರದಾದ್ರೂ ಹಳೇ ಡೆಸ್ಕ್‌ಟಾಪ್ ಇರಬೇಕಲ್ಲ, ಸಿಡಿ ಬರೆಯೂ ಡ್ರೈವ್ ಇದ್ದದ್ದು? ನನ್ನ ಅನುಭವದಾಗ ಆ ಕಾಲದ ದೊಡ್ಡ ಡ್ರೈವುಗಳು ಈಗಿನ ತೆಳ್ಳಗಿನ ಯುಎಸ್‌ಬಿ ಡ್ರೈವಿಗಿಂತ ಚೊಲೋ ಓದ್ತಾವ. ಅಕ್ಕಾರು ಸಿಟ್ಟಾಗಬಾರದು.

ಟೋಪತೆನಿ (ಇಳಕಲ್)
ಗುರುವಾರ ರಾತ್ರಿ 10:40

ಸಿಟ್ಟಿಲ್ಲ. ನನ್ನ ಡ್ರೈವ್ ರಾತ್ರಿಯಿಡೀ ದುಡಿದಿದೆ ಅಂತ ಮಾತ್ರ ದಾಖಲಿಸಿಕೊಳ್ಳಿ.

ಘಟಪ್ರಭಾ ದಂಡಿ (ಮುಧೋಳ)
ಶನಿವಾರ ಮಧ್ಯಾಹ್ನ 3:05

ಸೊಸೈಟಿಯಾಗ ಮೂಲಿಗೆ ಹಾಕಿದ್ದ ಕಂಪ್ಯೂಟರ್ ಸಿಕ್ತು, ಧೂಳ ಝಾಡಿಸಿ ಹಚ್ಚಿದ್ವಿ. 6 ಎಂಬಿ ಇದ್ದದ್ದು 1.3 ಎಂಬಿಗೆ ಇಳೀತು! ಆ ಮ್ಯಾಲ ಎಷ್ಟು ಸುತ್ತು ಹೊಡದ್ರೂ ಅಲ್ಲೇ ನಿಂತೈತಿ.

ಇಮೇಜಿನ ಒಳಗಿಂದ ಆರ್‌ಎಂ ತಗೊಂಡು ವಿಎಲ್‌ಸಿಯಾಗ ಹಾಕಿದೆ. ಬಂತ್ರಿ. ಮುತ್ಯಾ ಬಂದ. ಪಟಗಾ ಸುತ್ತಿಕೊಂಡು, ಕೈಯಾಗ ತಾಳ. ದೂತಿ ಜೋಡಿ ಮಾತಿಗೆ ಮಾತು ಕೊಡೂದು, ಜನ ನಗೂದು, ಎಲ್ಲಾ ಐತಿ. ಅವ್ವ ಏನೂ ಮಾತಾಡಲಿಲ್ಲ, ಎದ್ದು ಒಳಗ ಹೋಗಿ ಚಾ ಮಾಡಿದ್ಲು.

ಈಗ ತೊಂದ್ರಿ ಎರಡು. ಒಂದು, ಮುಂದ ಎಳದ್ರ ಹೋಗವಲ್ದು, ಬಿಟ್ಟಲ್ಲೇ ನಿಲ್ತೈತಿ, ಇಲ್ಲಾ ಶುರುವಿಗೆ ಬರ್ತೈತಿ. ಐದನೇ ತಾಸು ನೋಡಬೇಕಂದ್ರ ಐದು ತಾಸು ಕುಂಡ್ರಬೇಕು. ಎರಡು, ತಡೀಲಾರದ ಒಂದು ಆನ್‌ಲೈನ್ ಕನ್ವರ್ಟರಿಗೆ ಮೊದಲಿನ ಭಾಗ ಹಾಕಿದ್ದೆ. ಎಂಪಿ4 ಬಂತು, ಆದ್ರ ಒಂದು ತಾಸಾಗೂದ್ರಾಗ ಮುತ್ಯಾನ ತುಟಿ ಮುಂದ, ಧ್ವನಿ ಹಿಂದ.

ಕುಂದಾ ಪೆಟ್ಟಿಗಿ (ಬೆಳಗಾವಿ)
ಶನಿವಾರ ಸಂಜೆ 4:20

ಅವ್ವಗ ನಮ್ಮ ನಮಸ್ಕಾರ ಹೇಳ್ರಿ.

ಮೊದಲನೇದಕ್ಕ. ಆರ್‌ಎಂ ಫೈಲ್ ಒಳಗ ಒಂದರ ಹಿಂದೆ ಒಂದು ಖಾನೆ ಅದಾವ. ಶುರುವಿಗೆ ಗುರುತಿನ ನಾಲ್ಕು ಅಕ್ಷರ, ಒಂದು ಚುಕ್ಕಿ ಮತ್ತ ಆರ್, ಎಂ, ಎಫ್. ನೋಟ್‌ಪ್ಯಾಡಿನಾಗ ತೆಗದ್ರೂ ಮೊದಲ ಸಾಲಿನ್ಯಾಗ ಕಾಣ್ತದ, ಹೆಸರು ಕೆಟ್ಟ ಫೈಲನ್ನ ಗುರುತು ಹಿಡಿಯಾಕ ಇದ ಸುಲಭ ಉಪಾಯ. ಆಮ್ಯಾಲೆ ಫೈಲಿನ ಗುಣಲಕ್ಷಣ, ಚಿತ್ರ, ಧ್ವನಿ ಪ್ರತಿ ಧಾರೆಯ ವಿವರ, ಶೀರ್ಷಿಕೆ, ಅದಾದ ಮ್ಯಾಲೆ ದೊಡ್ಡ ಡೇಟಾ ಖಾನೆ. ಎಲ್ಲಕ್ಕೂ ಕೊನಿಗೆ ಸೂಚಿ. ಯಾವ ನಿಮಿಷ ಎಲ್ಲದ ಅಂತ ಹೇಳೂದು ಈ ಸೂಚಿ. ಅದು ಫೈಲಿನ ಬಾಲದಾಗ ಇರೂದರಿಂದ ಸಿಡಿಯ ಅಂಚಿಗೆ ಬಂತು, ನಿಮ್ಮ 1.3 ಎಂಬಿ ಜೋಡಿ ಹೋಗಿರಬೇಕು. ಓದ್ತಾ ಹೋಗಾಕ ಸೂಚಿ ಬೇಕಿಲ್ಲ, ಜಿಗಿಯಾಕ ಬೇಕು.

ಪರಿಹಾರ ಅಂದ್ರ ಒಳಗಿನ ಸರಕು ಮುಟ್ಟದ ಬ್ಯಾರೆ ಡಬ್ಬಿಗೆ, ಅಂದ್ರ ಎಂಕೆವಿ ಥರದ ಫೈಲಿಗೆ, ತುಂಬೂದು. ಎಫ್‌ಎಫ್‌ಎಂಪೆಗ್ ಅನ್ನೂ ವಿಡಿಯೋ ಬದಲಿಸೂ ಉಪಕರಣ ಇಳಿಸಿಕೊಳ್ರಿ, ಕಮಾಂಡ್ ಫೋನಿನ್ಯಾಗ ಹೇಳಿದಂಗ ಹೇಳ್ತೀನಿ: ಎಫ್‌ಎಫ್‌ಎಂಪೆಗ್, ಹೈಫನ್ ಐ, ಫೈಲಿನ ಹೆಸರು, ಹೈಫನ್ ಸಿ, ಕಾಪಿ, ಕೊನಿಗೆ ಹೊಸ ಹೆಸರು ಡಾಟ್ ಎಂಕೆವಿ.

ಘಟಪ್ರಭಾ ದಂಡಿ (ಮುಧೋಳ)
ಶನಿವಾರ ಸಂಜೆ 5:02

ಕೆಂಪು ಅಕ್ಷರದಾಗ ಬೈದು ಕಳಿಸ್ತು ಸರ. "ಕುಕ್" ಅಂತೇನೋ ಐತಿ, ಅದನ್ನ ಎಂಕೆವಿಯಾಗ ಹಾಕಾಕ ಇನ್ನೂ ಬೆಂಬಲ ಇಲ್ಲ ಅಂತೈತಿ. ಅಡಗಿಯಾಂವ ಎಲ್ಲಿಂದ ಬಂದ?

ಗುಮ್ಮಟದ ಮಾರ್ದನಿ (ವಿಜಯಪುರ)
ಶನಿವಾರ ಸಂಜೆ 5:40

ಹಹ್ಹ! ಅಡಗಿಯಾಂವ ಅಲ್ಲ, ಅದು ಧ್ವನಿಯ ಕೋಡೆಕ್ (ಧ್ವನಿ ಕುಗ್ಗಿಸಿ ತುಂಬೂ ಪದ್ಧತಿ) ಹೆಸರು. ರಿಯಲ್ ಕಂಪನಿಯಾಗ ಅದನ್ನ ಮಾಡಿದ ಎಂಜಿನಿಯರನ ಅಡ್ಡಹೆಸರಿನಿಂದ ಬಂದದ್ದು. ಕುಂದಾದವರು ಹೇಳಿದ ದಾರಿ ಸರಿ ಐತಿ, ಗಾಡಿ ಬ್ಯಾರೆ ಬೇಕು. ಎಫ್‌ಎಫ್‌ಎಂಪೆಗ್‌ಗೆ ಕುಕ್ ಓದಾಕ ಬರ್ತೈತಿ, ಎಂಕೆವಿಗೆ ಹಂಗ ತುಂಬಾಕ ಬರಂಗಿಲ್ಲ. "ಎಂಕೆವಿಟೂಲ್‌ನಿಕ್ಸ್" ಇಳಿಸಿಕೊಳ್ರಿ, ಅದಕ್ಕ ಬರ್ತೈತಿ. ಕಿಟಕಿಯಾಗ ಫೈಲ್ ಎಳದು ಹಾಕಿ ಗುಂಡಿ ಒತ್ತೂದು ಅಷ್ಟ, ಕಮಾಂಡ್ ಬ್ಯಾಡ. ಎಲ್ಲಾ ಹೊಸದಾಗಿ ಎಣಿಸಿ ಸೂಚಿ ಬರದುಕೊಡ್ತೈತಿ. ಚಿತ್ರದ ಒಂದು ಚುಕ್ಕಿನೂ ಬದಲಾಗಂಗಿಲ್ಲ, ಅದಕ್ಕ ಇದ ನಿಮ್ಮ ಮೂಲ ಪ್ರತಿ. ಮೊದಲಿನ ಸಿಡಿ ಇಮೇಜೂ ಒಗಿಬ್ಯಾಡ್ರಿ.

ಎರಡನೇದು, ತುಟಿ ಮತ್ತ ಧ್ವನಿ. ರಿಯಲ್ ವಿಡಿಯೋದಾಗ ಚೌಕಟ್ಟುಗಳು (ಫ್ರೇಮ್) ಗಡಿಯಾರದಂಗ ಸಮ ಬರಂಗಿಲ್ಲ. ಕಡಿಮಿ ಬಿಟ್ಟಿನಾಗ ಚಿತ್ರ ಚಂದ ಉಳೀಲಿ ಅಂತ, ಕುಣಿತ ಜೋರಿದ್ದಲ್ಲೆ ನಡುನಡುವಿನ ಚೌಕಟ್ಟು ಬಿಟ್ಟುಬಿಡ್ತಿದ್ರು. ಪ್ರತಿ ಚೌಕಟ್ಟಿಗೂ ಅದರದೇ ಸಮಯದ ಮುದ್ರೆ ಇರ್ತೈತಿ. ನಿಮ್ಮ ಆನ್‌ಲೈನ್ ಕನ್ವರ್ಟರ್ ಆ ಮುದ್ರೆ ನೋಡದ, ಎಲ್ಲಾ ಸಮ ಅಂತ ತಿಳಕೊಂಡು ಜೋಡಿಸೈತಿ. ಅದಕ್ಕ ಚಿತ್ರ ಮುಂದ ಓಡೈತಿ. ಮತ್ತ ಮನಿಯವರ ವಿಡಿಯೋ ಯಾವುದೋ ಗುರುತಿಲ್ಲದ ಜಾಗಕ್ಕ ಯಾಕ ಏರಿಸೂದ್ರಿ?

ಕೃಷ್ಣಾ ತೀರ (ಜಮಖಂಡಿ)
ಶನಿವಾರ ಸಂಜೆ 6:15

ಹಳೇ ರಿಯಲ್‌ಪ್ಲೇಯರ್ ಹಾಕಿಕೊಂಡ್ರ ಆಗ್ತಿರಲಿಲ್ಲೇನು? ಸೈಬರ್ ಕೆಫೆಯಾಗ ನಾವು ಅದ್ರಾಗ ನೋಡ್ತಿದ್ವಿ. ಮೂರು ನಿಮಿಷದ ಹಾಡಿಗೆ ಹತ್ತು ನಿಮಿಷ "ಬಫರಿಂಗ್".

ಕುಂದಾ ಪೆಟ್ಟಿಗಿ (ಬೆಳಗಾವಿ)
ಶನಿವಾರ ಸಂಜೆ 6:50

ಅಗತ್ಯ ಇಲ್ಲ. ಹಳೇ ಆವೃತ್ತಿ ಹುಡುಕಾಕ ಹೋಗಿ, "ಕೋಡೆಕ್ ಪ್ಯಾಕ್" ಅಂತ ವೈರಸ್ ತಂದವರನ್ನ ನಾ ನೋಡೀನಿ. ವಿಎಲ್‌ಸಿ ಸಾಕು, ಅದು ಸ್ವತಃ ಓದ್ತದ.

ನೆನಪಿಗೆ ಹೇಳ್ತೀನಿ. 1995ರ ಏಪ್ರಿಲ್‌ನಾಗ ರಿಯಲ್‌ಆಡಿಯೋ ಬಂತು. ಆಗ ಕಂಪನಿ ಹೆಸರು ಪ್ರೋಗ್ರೆಸಿವ್ ನೆಟ್‌ವರ್ಕ್ಸ್, ಊರು ಸಿಯಾಟಲ್, ಕಟ್ಟಿದವರು ರಾಬ್ ಗ್ಲೇಸರ್. ಅದೇ ಸಪ್ಟೆಂಬರ್‌ನಾಗ ಒಂದು ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಇಂಟರ್ನೆಟ್ಟಿನ ಮ್ಯಾಲೆ ನೇರ ಕೇಳಿಸಿದ್ರು. 1997ಕ್ಕ ವಿಡಿಯೋ ಬಂತು. ಇಡೀ ಜಗತ್ತು ಅದರ ಹಿಂದೆ ಬಿತ್ತು. 2006ಕ್ಕ ಪಿಸಿ ವರ್ಲ್ಡ್ ಪತ್ರಿಕೆ ಅತೀ ಕೆಟ್ಟ 25 ತಾಂತ್ರಿಕ ಉತ್ಪನ್ನಗಳ ಪಟ್ಟಿ ಮಾಡಿ, ರಿಯಲ್‌ಪ್ಲೇಯರಿಗೆ ಎರಡನೇ ಸ್ಥಾನ ಕೊಡ್ತು. ನನಗೇನೋ ಅದು ಅನ್ಯಾಯ ಅನಸ್ತದ. ಮುಧೋಳದವರ ಮುತ್ಯಾ ಉಳದದ್ದು ಅದರಿಂದ.

ಘಟಪ್ರಭಾ ದಂಡಿ (ಮುಧೋಳ)
ಭಾನುವಾರ ಬೆಳಿಗ್ಗೆ 11:30

ಎಂಕೆವಿ ಆತು! ಎಲ್ಲಿ ಒತ್ತಿದ್ರ ಅಲ್ಲಿ ಜಿಗೀತೈತಿ. ಆದ್ರ ಐದನೇ ತಾಸಿನ ಮ್ಯಾಲ ಒಂದೆರಡು ಕಡೆ ಚಿತ್ರ ಬಣ್ಣದ ಚೌಕ ಚೌಕ ಆಗಿ ಕಲಸ್ತೈತಿ. ಅಲ್ಲೇ ಧ್ವನಿ ಪೂರ್ತಿ ಹೋಗಂಗಿಲ್ಲ, ತುಂಡು ತುಂಡು ಕೇಳ್ತೈತಿ, ಬಿಕ್ಕಳಿಕಿ ಬಂದಂಗ. ಇದು ನನ್ನ ತಪ್ಪೋ, ಸಿಡೀದೋ?

ಗುಮ್ಮಟದ ಮಾರ್ದನಿ (ವಿಜಯಪುರ)
ಭಾನುವಾರ ಮಧ್ಯಾಹ್ನ 12:10

ಸಿಡೀದು. ಲೆಕ್ಕ ಹಾಕ್ರಿ, ಈ ಫೈಲಿನಾಗ 1 ಎಂಬಿ ಅಂದ್ರ 36 ಸೆಕೆಂಡ್ ಆಟ. 1.3 ಎಂಬಿ ಹೋಗೈತಿ ಅಂದ್ರ ಎಲ್ಲಾ ಕೂಡಿ ಮುಕ್ಕಾಲು ನಿಮಿಷ. ಮೊದಲಿನ 9 ಎಂಬಿಗೇ ಬಿಟ್ಟಿದ್ರ ಐದು ನಿಮಿಷ ಇಪ್ಪತ್ತು ಸೆಕೆಂಡ್ ಹೋಗ್ತಿತ್ತು.

ಬಿಕ್ಕಳಿಕಿಯ ಕಾರಣ ನನಗ ಭಾಳ ಸೇರ್ತೈತಿ, ಅದಕ್ಕ ಉದ್ದ ಹೇಳ್ತೀನಿ. ಈ ಫೈಲ್ ಹುಟ್ಟಿದ್ದು ಇಂಟರ್ನೆಟ್ಟಿನ ಮ್ಯಾಲ ಹರಿಯಾಕ. ದಾರ್‍ಯಾಗ ಪೊಟ್ಟಣ ಕಳೀತಾವ ಅಂತ ಮಾಡಿದವರಿಗೆ ಗೊತ್ತಿತ್ತು. ಹಾಡಿನ ತುಣುಕುಗಳನ್ನ ಸಾಲಾಗಿ ಕಳಿಸಿದ್ರ, ಒಂದು ಪೊಟ್ಟಣ ಹೋದಾಗ ಒಂದ ಕಡೆ ದೊಡ್ಡ ತೂತು ಬೀಳ್ತೈತಿ, ಒಂದು ಮಾತ ನುಂಗಿ ಹೋಗ್ತೈತಿ. ಅದಕ್ಕ ತುಣುಕುಗಳನ್ನ ಇಸ್ಪೀಟ್ ಎಲಿ ಕಲಸಿದಂಗ ಕಲಸಿ ಪೊಟ್ಟಣ ಕಟ್ತಿದ್ರು, ಪ್ಲೇಯರಿನಾಗ ಮತ್ತ ಸಾಲು ಹಚ್ತಿದ್ರು. ಒಂದು ಪೊಟ್ಟಣ ಹೋದ್ರ ಅಲ್ಲೊಂದು ಇಲ್ಲೊಂದು ಸಣ್ಣ ತೂತು. ಕಿವಿಗೆ ಹಾಡಿನ ಎಳಿ ಸಿಗ್ತಿರ್ತೈತಿ. ಇಪ್ಪತ್ತು ವರ್ಷದ ಮ್ಯಾಲ ಅದ ಯುಕ್ತಿ ಸಿಡಿಯ ಗೀರಿನ ಮ್ಯಾಲೂ ಕೆಲಸಕ್ಕ ಬಂತು ನೋಡ್ರಿ.

ಚಿತ್ರಕ್ಕ ಆ ಭಾಗ್ಯ ಇಲ್ಲ. ಒಂದು ಚೌಕಟ್ಟು ಹಿಂದಿನದರ ಆಸರಾ ಹಿಡದು ನಿಂತಿರ್ತೈತಿ, ಒಂದು ಕೆಟ್ರ ಮುಂದಿನ ಪೂರ್ತಿ ಚೌಕಟ್ಟು ಬರೂತನಕ ಕಲಸಮೇಲೋಗರ. ಏನೂ ಮಾಡಾಕ ಬರಂಗಿಲ್ಲ.

ಘಟಪ್ರಭಾ ದಂಡಿ (ಮುಧೋಳ)
ಭಾನುವಾರ ಮಧ್ಯಾಹ್ನ 12:40

ಕಾಕಾನ ಫೋನಿಗೆ, ಜಾತ್ರ್ಯಾಗ ಟಿವಿಗೆ ಹಾಕಾಕ ಎಂಪಿ4 ಬೇಕಲ್ರಿ? ಒಬ್ಬಾಂವ ಹೇಳಿದ, ಫುಲ್ ಎಚ್‌ಡಿ ಮಾಡಿಸು ಅಂತ.

ಕುಂದಾ ಪೆಟ್ಟಿಗಿ (ಬೆಳಗಾವಿ)
ಭಾನುವಾರ ಮಧ್ಯಾಹ್ನ 1:15

320ಕ್ಕ 240 ಚುಕ್ಕಿ ಇರೂ ಚಿತ್ರ ಎಚ್‌ಡಿ ಆಗೂದಿಲ್ಲ, ಮಜ್ಜಿಗಿಗೆ ನೀರು ಬೆರಿಸಿದಂಗ ಫೈಲ್ ದೊಡ್ಡದಾಗ್ತದ ಅಷ್ಟ. ಇದ್ದ ಅಳತಿಯೊಳಗ ಇಡ್ರಿ, ದೊಡ್ಡದು ಮಾಡೂ ಕೆಲಸ ಟಿವಿ ಮಾಡ್ತದ. ಟಿವಿಯೊಳಗ ಅಗಲಕ್ಕ ಎಳೀಬ್ಯಾಡ್ರಿ, 4:3 ಇಡ್ರಿ, ಇಲ್ಲಂದ್ರ ಸತ್ಯಭಾಮಾ ದಪ್ಪ ಕಾಣ್ತಾಳ.

ಎಂಪಿ4 ಡಬ್ಬಿಯೊಳಗ ರಿಯಲ್ ವಿಡಿಯೋ ಕೂಡೂದಿಲ್ಲ, ಹೊಸದಾಗಿ ಎನ್‌ಕೋಡ್ ಮಾಡಲೇಬೇಕು. ಎಫ್‌ಎಫ್‌ಎಂಪೆಗ್‌ನಾಗ ಚಿತ್ರಕ್ಕ ಎಕ್ಸ್264, ಗುಣಮಟ್ಟ (ಸಿಆರ್‌ಎಫ್) 18, ಧ್ವನಿಗೆ ಎಎಸಿ. ಅದು ಸಮಯದ ಮುದ್ರೆ ಕಾಯ್ತದ. ಅದರ ಬದಲಿ ಹ್ಯಾಂಡ್‌ಬ್ರೇಕ್ ಅನ್ನೂ ಉಪಕರಣ ಉಪಯೋಗಿಸಿದ್ರ ಚೌಕಟ್ಟಿನ ವೇಗದ (ಫ್ರೇಮ್ ರೇಟ್) ಜಾಗದಾಗ "ಮೂಲದಂತೆ" ಮತ್ತ "ಬದಲಾಗುವ" ಅನ್ನೂದನ್ನ ಆರಿಸ್ರಿ, "ಸ್ಥಿರ" ಬ್ಯಾಡ.

ಘಟಪ್ರಭಾ ದಂಡಿ (ಮುಧೋಳ)
ಬುಧವಾರ ರಾತ್ರಿ 9:55

ಕಾಕಾ ನೋಡಿದ. ಅಂವ ಅವತ್ತ ಪೇಟಿ ಬಾರಿಸಿದ್ದ, ಈಗ ಕಿವಿ ಸ್ವಲ್ಪ ಮಂದ. ಒಂದು ತಾಸು ಗಪ್‌ಚಿಪ್ಪ ಕುಂತಿದ್ದ. ಕಣ್ಣಾಗ ನೀರು ಬರ್ತಾವ ಅಂತ ನಾವೆಲ್ಲಾ ಕಾಯಾಕ ಹತ್ತಿದ್ವಿ. ಕಾಕಾ ತಬಲಾದಾಂವನ ಕಡೆ ಬೆರಳು ಮಾಡಿ, "ನೋಡಲೇ ಇಂವ ನಿದ್ದಿ ಹೊಡ್ಯಾಕ ಹತ್ಯಾನ, ನಾ ಅವತ್ತ ಹೇಳಿದ್ರ ಯಾರೂ ನಂಬಲಿಲ್ಲ" ಅಂದ.

ಕೊನೀಗೆ ಮಂಗಳದ ಹೊತ್ತಿಗೆ ಬಿಕ್ಕಳಿಕಿ ಬಂತಲ್ರಿ, ಅಲ್ಲೆ ಕಾಕಾ ತಾನ ಹಾಡಿ ತುಂಬಿದ. ಆಮ್ಯಾಲ ಸಹಜ ಹೇಳಿದ, ಇಂಥಾದ ಸಿಡಿ ಲೋಕಾಪುರದಾಗ ದೂತಿ ಪಾತ್ರ ಮಾಡಿದವರ ಮನ್ಯಾಗ ಒಂದು ಇರಬೇಕು, ಅಂಗಡಿಯಾಂವ ಎರಡು ಮಾಡಿಕೊಟ್ಟಿದ್ದ ಅಂತ. ಇಪ್ಪತ್ತು ದಿನದಿಂದ ನಾ ಒದ್ದಾಡಾಕ ಹತ್ತೀನಿ, ಈಗ ಹೇಳ್ತಾನ!

ಗುಮ್ಮಟದ ಮಾರ್ದನಿ (ವಿಜಯಪುರ)
ಬುಧವಾರ ರಾತ್ರಿ 10:20

ನಾಳೇನ ಲೋಕಾಪುರಕ್ಕ ಹೋಗ್ರಿ. ಈಗಿನ ಇಮೇಜ್ ಮತ್ತ ಮ್ಯಾಪ್ ಫೈಲಿನ ಒಂದೊಂದು ಪ್ರತಿ ಬ್ಯಾರೆ ಕಡೆ ತಗದಿಟ್ಟು ಹೋಗ್ರಿ. ಎರಡೂ ಸಿಡಿ ಒಂದ ಸಲ ತಯಾರ್ ಮಾಡಿದ ಒಂದ ಇಮೇಜಿನಿಂದ ಬರದದ್ದಾಗಿದ್ರ, ಸೆಕ್ಟರ್ ಸೆಕ್ಟರ್ ಒಂದ ಇರ್ತೈತಿ. ಆವಾಗ ಅದ ಮ್ಯಾಪ್ ಫೈಲ್ ಕೊಟ್ಟು ಆ ಸಿಡಿ ಓದಿಸಿದ್ರ ಬರೇ ತೂತು ಅಷ್ಟ ತುಂಬಿಕೊಳ್ತೈತಿ. ಅದಕ್ಕಿಂತ ಮೊದಲ ಎರಡೂ ಸಿಡಿಯಾಗ ಫೈಲಿನ ಅಳತಿ ಬೈಟಿನ ಲೆಕ್ಕದಾಗ ಒಂದ ಐತೇನು, ತಾರೀಖು ಒಂದ ಐತೇನು ನೋಡ್ರಿ. ಚೂರು ಫರಕ್ ಇದ್ರೂ ಬೆರಿಸಬ್ಯಾಡ್ರಿ, ಅದನ್ನ ಬ್ಯಾರೆ ಇಮೇಜ್ ಮಾಡ್ರಿ. ಅವರ ಸಿಡಿ ಅಂಚಿಗೆ ಹೋಗಿದ್ರೂ ನಿಮ್ಮದು ಹೋದ ಜಾಗದಾಗ ಹೋಗಿರಾಕಿಲ್ಲ.

ಘಟಪ್ರಭಾ ದಂಡಿ (ಮುಧೋಳ)
ಬುಧವಾರ ರಾತ್ರಿ 10:31

ಹೂನ್ರಿ ಸರ, ಮುಂಜಾನಿ ಮೊದಲ ಬಸ್ಸಿಗೆ ಹೊಂಟೀನಿ. ಇಳಕಲ್ ಅಕ್ಕಾರ, ನಿಮ್ಮ ಡ್ರೈವ್ ಇನ್ನ ನಾಕು ದಿನ ಇಟ್ಕೋತೀನ್ರಿ?

ಟೋಪತೆನಿ (ಇಳಕಲ್)
ಬುಧವಾರ ರಾತ್ರಿ 10:44

ಇಟ್ಟುಕೊಳ್ಳಿ ತಮ್ಮಾ. ದೂತಿ ಮನೆಯವರು ಸಿಡಿ ಕೊಡುವಾಗ ಕೆಳಗಿನ ಮೈಗೆ ಬೆರಳು ತಾಗಿಸಬೇಡಿ ಅಂತ ಹೇಳಿ, ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಮತ್ತೆ ಪೂರ್ತಿ ಎಂಪಿ4 ನನಗೂ ಒಂದು ಪೆನ್‌ಡ್ರೈವಿಗೆ ಹಾಕಿ ಡ್ರೈವ್ ಜೊತೆ ಕಳಿಸಿ. ನಮ್ಮತ್ತೆ ಆ ಜಾತ್ರೆಗೆ ಬಂದಿದ್ದರಂತೆ, ಜನರ ನಡುವೆ ತಮ್ಮನ್ನು ಹುಡುಕಬೇಕು ಅನ್ನುತ್ತಿದ್ದಾರೆ.